ಇತರೆ ಅನ್ನೋರು ಯಾರು?

ತಿಂಗಳ ಕೊನೆಯ ರಾತ್ರಿ ನಮ್ಮ ಮನೆಯಲ್ಲಿ ಲೆಕ್ಕದ ಪುಸ್ತಕ ತೆರೆಯುತ್ತದೆ. ಮೊಬೈಲಿನಲ್ಲಿ ಲೆಕ್ಕ ಇಡೋ ಆ್ಯಪ್‌ಗಳು ಬೇಕಾದಷ್ಟಿವೆ, ಗೊತ್ತು. ಮಗಳು ಮೂರು ಸಲ ಹಾಕಿಕೊಟ್ಟಿದ್ದಾಳೆ. ಆದರೆ ಆ್ಯಪಿನಲ್ಲಿ ತಿದ್ದಿದರೆ ತಿದ್ದಿದ್ದು ಕಾಣಿಸುವುದಿಲ್ಲ, ಪುಸ್ತಕದಲ್ಲಿ ಕಾಣಿಸುತ್ತದೆ. ಮನೆಯಲ್ಲಿ ಯಾರು ಯಾವ ತಾರೀಖಿಗೆ ಎಷ್ಟು ಸುಳ್ಳು ಹೇಳಿದರು ಅಂತ ಗೊತ್ತಾಗಬೇಕಾದರೆ ಆ ಗೀಚು ಇರಲೇಬೇಕು.

ಪುಸ್ತಕದಲ್ಲಿ ಉದ್ದಕ್ಕೆ ಗೆರೆ ಹಾಕಿಕೊಂಡಿದ್ದೇನೆ. ದಿನಸಿ, ಕರೆಂಟು, ನೀರು, ಫೀಸು, ಔಷಧಿ, ಕೊನೆಯಲ್ಲಿ ಇತರೆ. ಮೊದಲಿಗೆ ಈ ಇತರೆ ಸಣ್ಣ ಕಾಲಮ್ಮು. ಯಾವುದಕ್ಕೂ ಸೇರದ ಒಂದೆರಡು ಖರ್ಚು ಇದ್ದರೆ ಇರಲಿ ಅಂತ ಅಂಚಿನಲ್ಲಿ ಅಷ್ಟು ಜಾಗ ಬಿಟ್ಟಿದ್ದೆ. ಈಗ ಅದು ಅಂಚು ದಾಟಿ ಮುಂದಿನ ಪುಟಕ್ಕೆ ಹೋಗುತ್ತದೆ. ಕಳೆದ ತಿಂಗಳು ಕರೆಂಟು, ನೀರು ಎರಡನ್ನೂ ಕೂಡಿಸಿದರೂ ಇತರೆಯೇ ಜಾಸ್ತಿ. ನಮ್ಮನೆಯವರು ಅದನ್ನು ನೋಡಿ, ತುಂಬಾ ಗಂಭೀರವಾಗಿ, "ಈ ಇತರೆ ಅನ್ನೋರು ಯಾರು? ನಮ್ಮ ಮನೇಲೇ ಇದ್ದಾರಾ?" ಅಂದರು.

ಇದ್ದಾರೆ. ಐದು ಜನ ಇದ್ದಾರೆ.

ಅಪ್ಪನಿಂದಲೇ ಶುರು ಮಾಡುತ್ತೇನೆ. ಅವರಿಗೆ 81. ಮನೆಯ ಲೈಟುಗಳ ಉಸ್ತುವಾರಿ ಅವರದು. ಯಾರೂ ವಹಿಸಿದ್ದಲ್ಲ, ಅವರೇ ವಹಿಸಿಕೊಂಡಿದ್ದು. ನೀವು ರೂಮಿನಿಂದ ಎದ್ದು ಬಾಗಿಲವರೆಗೆ ಹೋಗಿ, ಏನೋ ಮರೆತೆ ಅಂತ ವಾಪಸ್ ತಿರುಗುವಷ್ಟರಲ್ಲಿ ರೂಮು ಕತ್ತಲಾಗಿರುತ್ತದೆ. ಮಾಮೂಲಿಗೆ ಕಾಲು ಎಳೆದುಕೊಂಡು ನಡೆಯುವ ಮನುಷ್ಯ, ಸ್ವಿಚ್ಚಿನ ವಿಷಯ ಬಂದರೆ ಮಾತ್ರ ಎಲ್ಲಿಂದ ಆ ವೇಗ ಬರುತ್ತದೋ ಗೊತ್ತಿಲ್ಲ. ಒಮ್ಮೆ ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದೆ. ಪಟ್ ಅಂತ ಲೈಟು ಹೋಯಿತು. ಕರೆಂಟು ಹೋಯಿತೇನೋ ಅಂದುಕೊಂಡು ಕಣ್ಣು ಮುಚ್ಚಿ ಕಾದೆ. ಐದು ನಿಮಿಷ ಕಾದೆ. ಆಮೇಲೆ ಹೊರಗಿನಿಂದ ಟಿವಿ ಸದ್ದು ಕೇಳಿಸಿತು.

ಮಗಳಿಗೆ 22, ಲೆಕ್ಕದಲ್ಲಿ ಚುರುಕು. ತಾತನನ್ನು ಸೋಲಿಸಲೇಬೇಕು ಅಂತ ಒಂದು ದಿನ ಕಾಗದ ಪೆನ್ನು ಹಿಡಿದು ಕೂತಳು. ಒಂದು ಯೂನಿಟ್ ಅಂದರೆ 1000 ವ್ಯಾಟಿನ ವಸ್ತು ಒಂದು ಗಂಟೆ ಓಡುವಷ್ಟು ಕರೆಂಟು. ನಮ್ಮ ಬಲ್ಬು 9 ವ್ಯಾಟಿನ ಎಲ್‌ಇಡಿ. ಅದು ಒಂದು ಯೂನಿಟ್ ಮುಗಿಸಬೇಕಾದರೆ 111 ಗಂಟೆ ಬೇಕು, ಅಂದರೆ ನಾಲ್ಕೂವರೆ ದಿನ ಹಗಲೂ ರಾತ್ರಿ ಉರಿಯಬೇಕು. 2000 ವ್ಯಾಟಿನ ಗೀಸರಿಗೆ ಅದೇ ಒಂದು ಯೂನಿಟ್ ಮುಗಿಸಲು ಅರ್ಧ ಗಂಟೆ ಸಾಕು. "ತಾತ, ನಾನು ಲೈಟು ಆರಿಸದೆ ಒಂದು ಗಂಟೆ ಹೊರಗೆ ಹೋದರೆ ಆಗೋ ನಷ್ಟ, ಗೀಸರು ಬರೀ ಹದಿನಾರು ಸೆಕೆಂಡು ಓಡಿದಷ್ಟು. ಹದಿನಾರೇ ಸೆಕೆಂಡು!" ಅಂದಳು.

ಅಪ್ಪ ಕಾಗದ ಇಸಕೊಂಡು, ಗುಣಾಕಾರ ಭಾಗಾಕಾರ ಎಲ್ಲಾ ಮತ್ತೊಮ್ಮೆ ಮಾಡಿ, ಸರಿಯಿದೆ ಅಂತ ತಲೆಯಾಡಿಸಿದರು. ಆಮೇಲೆ ಹೇಳಿದರು: "ಒಳ್ಳೇದಾಯ್ತು. ಇನ್ಮೇಲೆ ಹದಿನಾರು ಸೆಕೆಂಡು ಬೇಗ ಸ್ನಾನ ಮುಗಿಸು. ಲೈಟೂ ಆರಿಸು."

ಸೋತಿದ್ದು ಯಾರು ಅಂತ ನಾನು ಹೇಳಬೇಕಾಗಿಲ್ಲ.

ಅಪ್ಪನ ಬೆರಳಿಗೆ ಆ ಬುದ್ಧಿ ಬಂದಿದ್ದು 60 ವ್ಯಾಟಿನ ತಂತಿ ಬಲ್ಬಿನ ಕಾಲದಲ್ಲಿ. ಆ ಬಲ್ಬು ಹದಿನೇಳು ಗಂಟೆಗೆಲ್ಲಾ ಒಂದು ಯೂನಿಟ್ ನುಂಗುತ್ತಿತ್ತು, ಅದರಲ್ಲೂ ಮುಕ್ಕಾಲು ಪಾಲಿಗಿಂತ ಜಾಸ್ತಿ ಬೆಳಕಾಗದೆ ಸುಮ್ನೆ ಶಾಖವಾಗಿ ಹೋಗುತ್ತಿತ್ತು. ಬಲ್ಬು ಬದಲಾಯಿತು, ಬೆರಳು ಬದಲಾಗಲಿಲ್ಲ. ನಗುತ್ತೇನೆ ನಿಜ, ಆದರೆ ನನ್ನ ಬೆರಳೇನು ಕಮ್ಮಿ? ಮೊನ್ನೆ ಬಂದ ಪಾರ್ಸೆಲ್ಲಿನ ಗುಳ್ಳೆ ಕವರನ್ನು ಮಡಿಸಿ ಎತ್ತಿಟ್ಟೆ. ಇಂಥವು ಆಗಲೇ ಎರಡು ಡ್ರಾಯರ್ ತುಂಬಾ ಇವೆ. ಯಾವತ್ತೋ ಬೇಕಾಗುತ್ತೆ ಅಲ್ವಾ?

ಅಪ್ಪನ ಕಡೆಯವರೊಬ್ಬರು ಚರಿತ್ರೆಯಲ್ಲೂ ಇದ್ದಾರೆ. ಬೆಂಜಮಿನ್ ಫ್ರಾಂಕ್ಲಿನ್. ಮಿಂಚಿನಲ್ಲಿ ಇರೋದು ವಿದ್ಯುತ್ತೇ ಅಂತ ತೋರಿಸಿಕೊಡಲು ಹೊರಟ ಅದೇ ಮಹಾಶಯ. 1784ರಲ್ಲಿ ಅವನು ಅಮೆರಿಕದ ಪ್ರತಿನಿಧಿಯಾಗಿ ಪ್ಯಾರಿಸ್ಸಿನಲ್ಲಿದ್ದ, ವಯಸ್ಸು 78. ಅಲ್ಲಿಯ ಪತ್ರಿಕೆಯೊಂದಕ್ಕೆ ಒಂದು ಪತ್ರ ಬರೆದ. ಏನೋ ಸದ್ದಾಗಿ ಬೆಳಿಗ್ಗೆ ಆರಕ್ಕೇ ಎಚ್ಚರವಾಯಿತಂತೆ, ನೋಡಿದರೆ ರೂಮಿನ ತುಂಬಾ ಬೆಳಕು, ಸೂರ್ಯ ಇಷ್ಟು ಬೇಗ ಹುಟ್ಟುತ್ತಾನೆ ಅಂತ ಯಾರಿಗೆ ಹೇಳಿದರೂ ನಂಬುತ್ತಿಲ್ಲವಂತೆ. ಆಮೇಲೆ ಲೆಕ್ಕಕ್ಕೆ ಇಳಿಯುತ್ತಾನೆ. ಮಾರ್ಚ್ 20ರಿಂದ ಸೆಪ್ಟೆಂಬರ್ 20ರವರೆಗೆ 183 ರಾತ್ರಿ, ರಾತ್ರಿಗೆ ಏಳು ಗಂಟೆ ಮೇಣದಬತ್ತಿ, ಊರಲ್ಲಿ ಒಂದು ಲಕ್ಷ ಸಂಸಾರ. ಒಟ್ಟು 12 ಕೋಟಿ 81 ಲಕ್ಷ ಗಂಟೆ ಬತ್ತಿ ಉರಿಯುತ್ತಿದೆ, ಬೇಗ ಎದ್ದು ಬೇಗ ಮಲಗಿದರೆ ಅಷ್ಟೂ ಉಳಿತಾಯ! ಜನ ಏಳದಿದ್ದರೆ? ಬಿಸಿಲು ತಡೆಯೋ ಕಿಟಕಿ ಬಾಗಿಲಿಗೆ ತೆರಿಗೆ ಹಾಕಿ, ಸೂರ್ಯ ಹುಟ್ಟುತ್ತಲೇ ಗಂಟೆ ಬಾರಿಸಿ, ಅದೂ ಸಾಲದಿದ್ದರೆ ಬೀದಿ ಬೀದಿಯಲ್ಲಿ ಫಿರಂಗಿ ಹಾರಿಸಿ ಅಂತಾನೆ.

ತಮಾಷೆಗೆ ಬರೆದ ಪತ್ರ ಅದು. ಇದನ್ನು ಅಪ್ಪನಿಗೆ ಓದಿ ಹೇಳಿದ್ದು ನನ್ನ ತಪ್ಪು. ಫಿರಂಗಿಯ ಜಾಗ ಬರುವಾಗ ನಗಲಿ ಅಂತ ನಾನು ಕಾದಿದ್ದರೆ, ಅವರು ಕಣ್ಣು ಮುಚ್ಚಿ "ಸರಿಯಾಗಿ ಹೇಳಿದ್ದಾನೆ" ಅಂದರು. ಮಾರನೇ ದಿನ ಬೆಳಿಗ್ಗೆ ಆರಕ್ಕೆ ನಮ್ಮ ಮನೆಯಲ್ಲಿ ಸ್ಟೀಲ್ ಪಾತ್ರೆಯೊಂದು ಕೆಳಗೆ ಬಿತ್ತು. ಕೈ ಜಾರಿತು ಅಂದರು. ಆ ವಾರ ನಾಲ್ಕು ಸಲ ಕೈ ಜಾರಿತು.

ಫ್ರಾಂಕ್ಲಿನ್ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ವಯಸ್ಸಾಗುವುದನ್ನು ಇಷ್ಟು ಚೆನ್ನಾಗಿ ನಿಭಾಯಿಸಿದವರು ನನಗೆ ಬೇರೆ ಗೊತ್ತಿಲ್ಲ. ಅವನಿಗೆ ಗೌಟ್ ಇತ್ತು, ಕಾಲ್ಬೆರಳ ಸಂದು ಊದಿ ಪ್ರಾಣ ಹಿಂಡೋ ಕಾಯಿಲೆ. 1780ರಲ್ಲಿ ಆ ನೋವಿನ ಮಧ್ಯೆಯೇ ತಾನು ಮತ್ತು ತನ್ನ ಗೌಟು ಮಾತಾಡಿಕೊಳ್ಳುವ ಹಾಗೆ ಒಂದು ಸಂಭಾಷಣೆ ಬರೆದ. ಕಾಯಿಲೆ ಅವನನ್ನು ಬೈಯುತ್ತದೆ: ಕೂತಲ್ಲೇ ಚೆಸ್ ಆಡುತ್ತೀಯ, ನಡೆಯೋಕೆ ಸೋಮಾರಿತನ, ತಿನ್ನೋದಕ್ಕೆ ಮಾತ್ರ ಮುಂದೆ. ಅವನು ಅಯ್ಯೋ ಅಮ್ಮಾ ಅಂತಾನೆ, ಮಾತು ಕೊಡ್ತೀನಿ ಅಂತಾನೆ. ಈ ಮಾತು ನೀನು ಉಳಿಸಿಕೊಳ್ಳಲ್ಲ, ನನಗೆ ಗೊತ್ತು ಅನ್ನುತ್ತದೆ ಕಾಯಿಲೆ. ನನ್ನ ಮೊಣಕಾಲಿಗೂ ಬಾಯಿ ಇದ್ದಿದ್ದರೆ ಇದನ್ನೇ ಹೇಳುತ್ತಿತ್ತು.

ಕಣ್ಣಿನ ವಿಷಯಕ್ಕೂ ಅವನೇ ಬರುತ್ತಾನೆ. ದೂರಕ್ಕೊಂದು ಹತ್ತಿರಕ್ಕೊಂದು ಅಂತ ಎರಡು ಕನ್ನಡಕ ಬದಲಾಯಿಸಿ ಸಾಕಾಗಿ, ಎರಡರ ಗಾಜನ್ನೂ ಅರ್ಧಕ್ಕೆ ಕತ್ತರಿಸಿ ಒಂದೇ ಫ್ರೇಮಿಗೆ ಕೂರಿಸಿಕೊಂಡಿದ್ದ. 1785ರ ಕಾಗದವೊಂದರಲ್ಲಿ ಅದರ ವಿವರ ಇದೆ. ಅದರಲ್ಲಿ ನನಗೆ ಇಷ್ಟವಾಗಿದ್ದು ಒಂದು ಸಣ್ಣ ಮಾತು. ಈ ಕನ್ನಡಕ ಹಾಕಿಕೊಂಡರೆ ಫ್ರೆಂಚ್ ಮಾತು ಚೆನ್ನಾಗಿ ಅರ್ಥವಾಗುತ್ತದೆ ಅಂತಾನೆ! ಎದುರಿನವರ ಮುಖ, ತುಟಿ ಕಾಣಿಸುವುದರಿಂದ.

ನಮ್ಮಪ್ಪನೂ ಥೇಟ್ ಹೀಗೇ. "ಕನ್ನಡಕ ಕೊಡು, ನೀನು ಹೇಳಿದ್ದು ಕೇಳಿಸ್ತಿಲ್ಲ" ಅಂತಾರೆ. ಮೊದಲ ಸಲ ಕೇಳಿದಾಗ ನಾನು ಬಿದ್ದು ಬಿದ್ದು ನಕ್ಕಿದ್ದೆ. ಅರವತ್ತಕ್ಕೆ ಅರಳು ಮರಳು ಅಂತಾರಲ್ಲ, ಇವರಿಗೆ ಇಪ್ಪತ್ತು ವರ್ಷ ತಡವಾಗಿ ಬಂತು ಅಂತ ಮನೆಯವರೆಲ್ಲ ಹಂಗಿಸಿದ್ದೆವು. ಆಮೇಲೆ ನೋಡಿದರೆ ಅದು ನಿಜ. ವಯಸ್ಸಾದಂತೆ ಕಿವಿಯಲ್ಲಿ ಮೊದಲು ಹೋಗುವುದು ಕೀರಲು ಸದ್ದುಗಳು. ಮಾತಿನಲ್ಲಿ ಅ, ಆ, ಊ ಥರದ ಸ್ವರಗಳು ದಪ್ಪ ಸದ್ದು, ಅವು ಕೇಳಿಸುತ್ತವೆ. ಸ, ಶ, ಫ ಥರದವು ತೆಳು ಸದ್ದು, ಅವು ಜಾರಿಹೋಗುತ್ತವೆ. ಹಾಗಾಗಿ ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ನಾವು ಜೋರಾಗಿ ಕೂಗಿದರೆ ಆ ದಪ್ಪ ಸದ್ದೇ ಇನ್ನಷ್ಟು ದಪ್ಪವಾಗುತ್ತದೆ, ಅಷ್ಟೇ. ತುಟಿ ನೋಡಿದರೆ ಉಳಿದದ್ದನ್ನು ತುಂಬಿಕೊಳ್ಳಬಹುದು.

ತುಟಿ ಕಾಣದಿದ್ದಾಗ ಏನಾಗುತ್ತದೆ ಅನ್ನೋದಕ್ಕೆ ಚಳಿಗಾಲದ ಒಂದು ಸಂಜೆ. ನಾನು ಒಳಗಿನ ರೂಮಿನಿಂದ ಕೇಳಿದೆ: "ಅಪ್ಪಾ, ಶಾಲು ಬೇಕಾ?"

"ಸಾಲ ಯಾಕೆ? ಯಾರು ಕೇಳಿದ್ರು?"

"ಯಾರೂ ಕೇಳಿಲ್ಲ, ನಿಮಗೆ ಬೇಕಾ ಅಂತ."

"ನನಗ್ಯಾಕೆ ಸಾಲ? ಪೆನ್ಶನ್ ಬರುತ್ತಲ್ಲ. ನಿನ್ನ ಗಂಡ ಏನಾದ್ರೂ ಮಾಡ್ಕೊಂಡಿದ್ದಾನಾ?"

ಇದನ್ನು ಕೇಳಿಸಿಕೊಂಡ ನಮ್ಮನೆಯವರ ಮುಖ ಬಿಳುಚಿಕೊಂಡಿತು. ಅವರು ಆ ವಾರ ಕಂತಿನಲ್ಲಿ ಒಂದು ಕುರ್ಚಿ ತೆಗೆದುಕೊಂಡಿದ್ದರು, ನನಗೆ ಹೇಳಿರಲಿಲ್ಲ. ಕುರ್ಚಿಯ ಕಥೆ ಆಮೇಲೆ.

ಅಪ್ಪನಿಗೆ ಕಿವಿಯ ಮೆಷಿನ್ ಕೊಡಿಸಿದ್ದೇವೆ. ಔಷಧಿಯ ಕಾಲಮ್ಮಿಗೆ ಹಾಕಬೇಕೋ ಇತರೆಗೋ ಅಂತ ಅರ್ಧ ಗಂಟೆ ಚರ್ಚೆಯಾದ ವಸ್ತು ಅದು. ಗುಂಡಿಯಷ್ಟು ಸಣ್ಣ ಬ್ಯಾಟರಿ, ಆಗಾಗ ಬದಲಾಯಿಸಬೇಕು. ಅಪ್ಪ ಅದನ್ನು ಉಳಿತಾಯ ಮಾಡುತ್ತಾರೆ. ಹೇಗೆ ಅಂದರೆ, ಮೊಮ್ಮಕ್ಕಳು ಮಾತಾಡುವಾಗ ಮೆಷಿನ್ ಆನ್, ಟಿವಿಯಲ್ಲಿ ಸುದ್ದಿ ಬರುವಾಗ ಆನ್, ನಾನು ಮಾತಾಡಲು ಶುರು ಮಾಡಿದಾಗ ಕೈ ನಿಧಾನಕ್ಕೆ ಕಿವಿಯ ಹಿಂದೆ ಹೋಗುತ್ತದೆ.

ಕಿವಿ ಅಂದಾಗ ನೆನಪಾಯಿತು. 1995ರಲ್ಲಿ ಬ್ರಿಟನ್ನಿನ ಜೇಮ್ಸ್ ಹೀತ್‌ಕೋಟ್ ಅನ್ನೋ ಡಾಕ್ಟರು ಮತ್ತು ಅವರ ಜೊತೆಯವರು ಮೂವತ್ತು ದಾಟಿದ 206 ಜನರ ಕಿವಿ ಅಳೆದರು. ವರ್ಷಕ್ಕೆ ಸರಾಸರಿ 0.22 ಮಿಲಿಮೀಟರ್ ಉದ್ದವಾಗುತ್ತದೆ ಅಂತ ಲೆಕ್ಕ ಸಿಕ್ಕಿತು. ಐವತ್ತು ವರ್ಷಕ್ಕೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ಇದನ್ನು ಓದಿದ ನನ್ನ ಮಗ ಜ್ಯಾಮಿಟ್ರಿ ಬಾಕ್ಸಿನ ಸ್ಕೇಲು ತಂದು ತಾತನ ಕಿವಿ ಅಳೆದ, ಗೋಡೆಯ ಮೇಲೆ ತನ್ನ ಎತ್ತರದ ಗೆರೆಗಳ ಪಕ್ಕ ಅದನ್ನೂ ಬರೆದ. ಇವನು ಮೇಲಕ್ಕೆ ಬೆಳೆದ, ಅವರು ಪಕ್ಕಕ್ಕೆ ಬೆಳೆದರು. ಸಂಸಾರದ ಒಟ್ಟು ಬೆಳವಣಿಗೆ ತೃಪ್ತಿಕರ.

ಆ ಮಗನಿಗೆ 17. ಅವನ ಕಿವಿಯದು ಬೇರೆಯೇ ಕಥೆ. 2005ರಲ್ಲಿ ವೇಲ್ಸ್‌ನ ಹೊವಾರ್ಡ್ ಸ್ಟೇಪಲ್ಟನ್ ಅನ್ನೋರು ಅಂಗಡಿ ಮುಂದೆ ಗುಂಪು ಸೇರೋ ಹುಡುಗರನ್ನು ಓಡಿಸಲು ಒಂದು ಪೆಟ್ಟಿಗೆ ಮಾಡಿದರು. ಅದರಿಂದ ಸುಮಾರು 17,000 ಹರ್ಟ್ಸ್‌ಗೂ ಮೇಲಿನ ಕೀರಲು ಸದ್ದು ಬರುತ್ತದೆ. ಎಳೆಯ ಕಿವಿಗೆ ಅದು ತಡೆಯಲಾರದ ಹಿಂಸೆ, ದೊಡ್ಡವರಿಗೆ ಏನೂ ಇಲ್ಲ. ಹುಡುಗರು ಏನು ಮಾಡಿದರು ಗೊತ್ತಾ? ಅದೇ ಸದ್ದನ್ನು ಮೊಬೈಲಿನ ರಿಂಗ್‌ಟೋನ್ ಮಾಡಿಕೊಂಡರು. ಕ್ಲಾಸಿನಲ್ಲಿ ಮೆಸೇಜು ಬಂದರೆ ಎಲ್ಲರಿಗೂ ಕೇಳಿಸುತ್ತದೆ, ಮೇಷ್ಟರೊಬ್ಬರಿಗೆ ಬಿಟ್ಟು. ನಮ್ಮ ಹುಡುಗ ಇದನ್ನು ಎಲ್ಲೋ ಹುಡುಕಿಕೊಂಡು ಬಂದು ಒಂದು ಸಂಜೆ ಎಲ್ಲರೂ ಕೂತಿದ್ದಾಗ ಹಾಕಿದ. ಮಗಳು ಕಿವಿ ಮುಚ್ಚಿಕೊಂಡಳು. ನಾನು, ನಮ್ಮನೆಯವರು, ಅಪ್ಪ ಮೂರು ಜನವೂ ಸುಮ್ನೆ ಕೂತಿದ್ದೆವು, "ಹೂಂ, ಹಾಕು, ಯಾಕೆ ಹಾಕ್ತಿಲ್ಲ?" ಅಂತ.

ಅಪ್ಪನಿಗೆ ಅವತ್ತು ಆದ ಸಂತೋಷ ಹೇಳತೀರದು. "ಬಾ ಮಗಳೇ, ಈ ಕಡೆ ಬಂದು ಕೂತ್ಕೋ" ಅಂದರು.

ನನಗೆ 52. ಚಾಳೀಸು ಬಂದು ಹತ್ತು ವರ್ಷವಾಯಿತು. ಕಣ್ಣೊಳಗಿನ ಮಸೂರ ಗಟ್ಟಿಯಾಗಿ, ಹತ್ತಿರದ್ದನ್ನು ನೋಡಲು ಬಾಗಬೇಕಾದಷ್ಟು ಬಾಗುವುದಿಲ್ಲ. ಕಾಗದ ಹಿಡಿದ ಕೈ ವರ್ಷ ವರ್ಷ ದೂರ ಹೋಗುತ್ತಾ ಹೋಗುತ್ತಾ ಕೊನೆಗೆ ಕೈಯೇ ಸಾಲದೆ ಬರುತ್ತದೆ. ಕನ್ನಡಕ ತಲೆ ಮೇಲೆ ಇಟ್ಟುಕೊಂಡು ಮನೆಯೆಲ್ಲ ಹುಡುಕೋ ಜೋಕು ಇಲ್ಲಿ ಹೇಳುವುದಿಲ್ಲ, ಅದು ಸವೆದುಹೋಗಿದೆ. ನಾನು ಈಗ ಮಾಡೋದು ಬೇರೆ. ಔಷಧಿ ಪಟ್ಟಿಯ ಹಿಂದಿರೋ ಸಾಸಿವೆ ಕಾಳಿನಷ್ಟು ಅಕ್ಷರದ ತಾರೀಖನ್ನು ಮೊಬೈಲಿನಲ್ಲಿ ಫೋಟೋ ತೆಗೆದು, ಬೆರಳಿನಿಂದ ಹಿಗ್ಗಿಸಿ ಓದುತ್ತೇನೆ. ನನ್ನ ಮೊಬೈಲಿನಲ್ಲಿ ಮಕ್ಕಳ ಫೋಟೋಗಿಂತ ಮಾತ್ರೆಯ ಫೋಟೋ ಜಾಸ್ತಿ ಇದೆ. "ಈ ದಿನ, ಐದು ವರ್ಷದ ಹಿಂದೆ" ಅಂತ ಮೊಬೈಲೇ ಹಳೆಯ ನೆನಪು ತೋರಿಸುತ್ತದಲ್ಲ, ಹಿಂದೆ ಸಣ್ಣ ಸಂಗೀತ ಬೇರೆ ಹಾಕಿ? ನನಗೆ ಅಸಿಡಿಟಿ ಮಾತ್ರೆ ತೋರಿಸುತ್ತದೆ.

ಮರೆವಿಗೆ ಮಾತ್ರ ನನ್ನ ಬಳಿ ಒಳ್ಳೆಯ ನೆಪ ಇದೆ. ಒಂದು ರೂಮಿನಿಂದ ಇನ್ನೊಂದು ರೂಮಿಗೆ ಹೋಗಿ, ಬಂದಿದ್ದು ಯಾಕೆ ಅಂತ ನಿಂತುಬಿಡುತ್ತೇವಲ್ಲ, ಇದರ ಮೇಲೆ ಅಮೆರಿಕದ ಗೇಬ್ರಿಯಲ್ ರಾಡ್‌ವಾನ್ಸ್ಕಿ ಮತ್ತು ಜೊತೆಯವರು ಮಾಡಿದ ಪ್ರಯೋಗ 2011ರಲ್ಲಿ ಬಂತು. ಒಂದೇ ರೂಮಿನೊಳಗೆ ನಡೆದವರಿಗಿಂತ, ಅಷ್ಟೇ ದೂರ ನಡೆದರೂ ಬಾಗಿಲು ದಾಟಿ ಹೋದವರು ಜಾಸ್ತಿ ಮರೆತರು. ಅವರೆಲ್ಲ ಕಾಲೇಜು ಹುಡುಗರು, ಮುದುಕರಲ್ಲ. ಹಾಗಾಗಿ ತಪ್ಪು ಬಾಗಿಲದ್ದು ಅಂತ ನಾನು ಮನೆಯಲ್ಲಿ ಘೋಷಿಸಿದ್ದೇನೆ.

ಈಗ ಕುರ್ಚಿ.

ನಮ್ಮನೆಯವರಿಗೆ 57, ಸೊಂಟ ನೋವು. ಒಂದು ಒಳ್ಳೆಯ ಕುರ್ಚಿ ಬೇಕು ಅನ್ನೋದು ನ್ಯಾಯವಾದ ಮಾತೇ. ಅರ್ಧ ಬೆಲೆಗೆ ಸಿಕ್ಕಿತು ಅಂತ ತಂದರು. ಉಳಿದರ್ಧ ಎಲ್ಲಿ ಉಳಿಯಿತು, ತೋರಿಸಿ, ಪುಸ್ತಕಕ್ಕೆ ಬರೆದುಕೊಳ್ಳುತ್ತೇನೆ ಅಂದೆ. ಉತ್ತರ ಬರಲಿಲ್ಲ. ಕುರ್ಚಿ ಎತ್ತರ, ಹಳೆಯ ಮೇಜು ತಗ್ಗು. ಮೊಣಕಾಲು ಒಳಗೆ ಹೋಗುತ್ತಿರಲಿಲ್ಲ. ಮೇಜು ಬಂತು. ಹೊಸ ಮೇಜಿನ ಮೇಲೆ ಹಳೆಯ ದೀಪ ಅಜ್ಜಿಯ ಪಕ್ಕ ನಿಂತ ಮದುಮಗಳ ಥರ, ಅಲ್ಲ, ಮದುಮಗಳ ಪಕ್ಕ ನಿಂತ ಅಜ್ಜಿಯ ಥರ ಕಾಣುತ್ತಿತ್ತು. ದೀಪ ಬಂತು. ಕುರ್ಚಿಯ ಚಕ್ರ ನೆಲ ಗೀರುತ್ತದೆ ಅಂತ ಕೆಳಗೆ ಹಾಸಲು ಚಾಪೆ ಬಂತು. ಚಾಪೆಯ ಬಣ್ಣಕ್ಕೆ ಪರದೆ ಹೊಂದುತ್ತಿಲ್ಲ ಅಂತ ಅವರು ಬಾಯಿ ತೆರೆದಾಗ ನಾನು ಲೆಕ್ಕದ ಪುಸ್ತಕವನ್ನು ಜೋರಾಗಿ ಮುಚ್ಚಿದೆ.

ಇದಕ್ಕೂ ಹಳೆಯ ಸಾಕ್ಷಿ ಇದೆ. ಫ್ರಾನ್ಸಿನ ಡೆನಿಸ್ ಡಿಡೆರೋ ಅನ್ನೋ ತತ್ವಜ್ಞಾನಿಗೆ ಹೊಸದೊಂದು ಚಂದದ ಕೆಂಪು ನಿಲುವಂಗಿ ಬಂತು. ಅದನ್ನು ತೊಟ್ಟು ನೋಡಿದರೆ ರೂಮಿನ ಉಳಿದ ವಸ್ತುವೆಲ್ಲ ದರಿದ್ರವಾಗಿ ಕಂಡವು. ಕುರ್ಚಿ ಬದಲಾಯಿತು, ಮೇಜು ಬದಲಾಯಿತು, ಗೋಡೆಯ ಚಿತ್ರ ಬದಲಾದವು. 1769ರ ಹೊತ್ತಿಗೆ ಅವನು ಹಳೆಯ ಅಂಗಿಯನ್ನು ನೆನೆದು ಗೋಳಾಡಿ ಬರೆದ. ಹಳೆಯದರಲ್ಲಿ ಪುಸ್ತಕದ ಧೂಳು ಒರೆಸಬಹುದಿತ್ತು, ಪೆನ್ನಿನ ಶಾಯಿ ಒರೆಸಬಹುದಿತ್ತು, ಅದಕ್ಕೆ ನಾನು ಯಜಮಾನನಾಗಿದ್ದೆ, ಹೊಸದಕ್ಕೆ ಗುಲಾಮನಾಗಿದ್ದೇನೆ ಅಂತ. ಒಂದು ಖರ್ಚು ಇನ್ನೊಂದನ್ನು ಎಳೆದುಕೊಂಡು ಬರೋದಕ್ಕೆ ಈಗ ಅವನ ಹೆಸರನ್ನೇ ಇಟ್ಟಿದ್ದಾರೆ. ಮೂಗಿಗಿಂತ ಮೂಗುತಿ ಭಾರ ಅಂತ ನಮ್ಮ ಹಿರಿಯರು ಮೂರೇ ಪದದಲ್ಲಿ ಮುಗಿಸಿದ್ದರು, ಆ ಮಾತು ಬೇರೆ.

ಈಗ ಆ ಕುರ್ಚಿಯಲ್ಲಿ ನಮ್ಮನೆಯವರು ಕೂರುವುದಿಲ್ಲ. ಸೊಂಟಕ್ಕೆ ಹಳೆಯ ಮರದ ಕುರ್ಚಿಯೇ ಒಗ್ಗಿದೆಯಂತೆ. ಅದರಲ್ಲಿ ಅಪ್ಪ ಕೂರುತ್ತಾರೆ. ಅಲ್ಲಿ ಕೂತರೆ ಮೂರು ರೂಮಿನ ಸ್ವಿಚ್ಚೂ ಕಾಣಿಸುತ್ತವೆ. ಚಕ್ರ ಬೇರೆ ಇದೆ. ಈಗ ಎದ್ದು ನಡೆಯಬೇಕಾಗಿಯೂ ಇಲ್ಲ, ಜುಂಯ್ ಅಂತ ಬರುತ್ತಾರೆ.

ನಲ್ಲಿಯದು ಚಿಕ್ಕ ಕಥೆ. ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಅಪ್ಪ ರಾತ್ರಿ ಹತ್ತಕ್ಕೆ ಪಾತ್ರೆ ಇಟ್ಟು ಬೆಳಿಗ್ಗೆ ಆರಕ್ಕೆ ಅಳೆದರು, ಎರಡು ಲೀಟರ್. ದಿನಕ್ಕೆ ಆರು, ವರ್ಷಕ್ಕೆ 2190 ಲೀಟರ್. ಹನಿ ಹನಿ ಕೂಡಿದರೆ ಹಳ್ಳ ಅಂತ ಸುಮ್ನೆ ಹೇಳಿದರಾ ಅಂದರು. ವಾಷರ್ ಹಾಕೋದು ಎಷ್ಟೊತ್ತಿನ ಕೆಲಸ ಅಂತ ನಮ್ಮನೆಯವರು ವಿಡಿಯೋ ನೋಡಿ ಇಳಿದರು. ಮೊದಲು ಸ್ಪ್ಯಾನರ್ ತರಬೇಕಾಯಿತು. ಸೆಟ್ಟಾಗಿ ತಗೊಂಡರೆ ಲಾಭ ಅಂತ ಹನ್ನೆರಡರ ಸೆಟ್ಟು ಬಂತು. ಮುಖ್ಯ ಕವಾಟ ಮುಚ್ಚಬೇಕು ಅಂತ ವಿಡಿಯೋದಲ್ಲಿ ಹೇಳಿದ್ದರಂತೆ, ಇವರು ಅಷ್ಟನ್ನು ಓಡಿಸಿ ನೋಡಿದ್ದರು. 2190 ಲೀಟರ್ ನೀರು ಒಂದೇ ದಿನದಲ್ಲಿ ನೋಡಬೇಕು ಅಂತ ಯಾರಿಗಾದರೂ ಆಸೆ ಇದ್ದರೆ ಅವತ್ತು ನಮ್ಮ ಮನೆಗೆ ಬರಬೇಕಿತ್ತು. ಅಪ್ಪ ಮಾತ್ರ ಚಕ್ರದ ಕುರ್ಚಿಯ ಮೇಲೆ ಕಾಲು ಮಡಚಿ ಕೂತು, ದೋಣಿಯಲ್ಲಿ ಕೂತವರ ಹಾಗೆ, ಬಚ್ಚಲಿನ ಲೈಟು ಆರಿಸಿ ಅಂತ ಕೂಗುತ್ತಿದ್ದರು.

ಎಲ್ಲ ತಿಂಗಳೂ ಹೀಗಿರುವುದಿಲ್ಲ. ಕಳೆದ ವರ್ಷ ಅಪ್ಪ ರಾತ್ರಿ ಬಚ್ಚಲಿಗೆ ಹೋಗುವಾಗ ಪ್ಯಾಸೇಜಿನಲ್ಲಿ ಬಿದ್ದರು. ಹತ್ತೊಂಬತ್ತು ದಿನ ಆಸ್ಪತ್ರೆ. ಆ ಪುಟಗಳು ಪುಸ್ತಕದಲ್ಲಿ ಖಾಲಿ ಇವೆ. ಬಿಲ್ಲುಗಳನ್ನು ಒಂದು ಕವರಿನಲ್ಲಿ ತುರುಕಿಟ್ಟಿದ್ದೆ, ಕೂಡಿಸಿ ನೋಡುವ ಧೈರ್ಯವಾಗಲಿಲ್ಲ. ಆ ದಿನಗಳಲ್ಲಿ ಮನೆಯಲ್ಲಿ ಎಲ್ಲಾ ರೂಮಿನ ಲೈಟೂ ಉರಿಯುತ್ತಿದ್ದವು. ಯಾರಿಗೂ ಆರಿಸಬೇಕು ಅನ್ನಿಸುತ್ತಿರಲಿಲ್ಲ. ಒಂದು ರಾತ್ರಿ ನಾನು ಆಸ್ಪತ್ರೆಯಿಂದ ಬಂದಾಗ ಬೀದಿಯಿಂದಲೇ ನಮ್ಮ ಮನೆ ಬೆಳ್ಳಗೆ ಕಾಣಿಸಿತು, ನೋಡಿದರೆ ಮಕ್ಕಳಿಬ್ಬರೂ ಸೋಫಾದಲ್ಲಿ ನಿದ್ದೆ ಹೋಗಿದ್ದರು. ಒಂದೊಂದೇ ಸ್ವಿಚ್ಚು ಆರಿಸುತ್ತಾ ಹೋದೆ, ಅಡುಗೆಮನೆಯಲ್ಲಿ ನಿಂತು ಸ್ವಲ್ಪ ಹೊತ್ತು ಅತ್ತೆ.

ಮನೆಗೆ ಬಂದ ದಿನ ಅಪ್ಪ ಕೇಳಿದ ಮೊದಲ ಮಾತು, "ಲೆಕ್ಕ ಎಲ್ಲಿ?" ಕವರು ಕೊಟ್ಟೆ. ಎರಡು ದಿನ ಕೂತು ಎಲ್ಲಾ ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿದರು. ಒಂದು ಕಡೆ ಹತ್ತಿಯ ಕಟ್ಟನ್ನು ಎರಡು ಸಲ ಸೇರಿಸಿದ್ದರಂತೆ. ಅದನ್ನು ಹಿಡಿದಾಗ ಅವರ ಮುಖಕ್ಕೆ ರಕ್ತ ಬಂತು.

ಡಾಕ್ಟರು ಒಂದು ಮಾತು ಹೇಳಿ ಕಳಿಸಿದ್ದರು. ರಾತ್ರಿ ಪ್ಯಾಸೇಜಿನಲ್ಲಿ ಲೈಟು ಇರಲೇಬೇಕು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಯಾಗುತ್ತದೆ, ಒಳಗೆ ಹೋಗೋ ಬೆಳಕೇ ಕಮ್ಮಿ. ಮೊಮ್ಮಗ ಓದೋ ಬೆಳಕಿನಲ್ಲಿ ತಾತನಿಗೆ ಅರ್ಧಂಬರ್ಧ ಕಾಣುತ್ತದೆ. ಅಂದರೆ ಮನೆಯಲ್ಲಿ ಲೈಟು ಎಲ್ಲರಿಗಿಂತ ಜಾಸ್ತಿ ಬೇಕಾದವರು ಯಾರೋ, ಅದನ್ನು ಆರಿಸಿಕೊಂಡು ಓಡಾಡೋರೂ ಅವರೇ.

ಮಗಳು ಮತ್ತೆ ಕಾಗದ ಪೆನ್ನು ತೆಗೆದಳು. ಒಂದು ವ್ಯಾಟಿನ ಪುಟ್ಟ ಲೈಟು, ರಾತ್ರಿಗೆ ಹತ್ತು ಗಂಟೆ, ವರ್ಷಪೂರ್ತಿ ಉರಿದರೂ 3.65 ಯೂನಿಟ್. ಗೀಸರು ಎರಡು ಗಂಟೆಯೂ ಓಡದಷ್ಟು. ಅಪ್ಪ ಲೆಕ್ಕ ನೋಡಿದರು, ಒಪ್ಪಿದರು, ಲೈಟು ಬಂತು, ಪ್ಯಾಸೇಜಿನ ಕೆಳಗಿನ ಪ್ಲಗ್ಗಿನಲ್ಲಿ ಕೂತಿತು. ಇತರೆಯಲ್ಲಿ ಬರೆದೆ.

ಮೊನ್ನೆ ರಾತ್ರಿ ಎರಡೂವರೆಗೆ ನನಗೆ ಎಚ್ಚರವಾಯಿತು. ಪ್ಯಾಸೇಜು ಕಗ್ಗತ್ತಲು. ಗೋಡೆ ಹಿಡಿದುಕೊಂಡು ಹೋಗುತ್ತಿದ್ದೆ. ಯಾರೋ ಬಿಟ್ಟುಹೋದ ಚಕ್ರದ ಕುರ್ಚಿಯ ಕಬ್ಬಿಣದ ಕಾಲಿಗೆ ನನ್ನ ಕಿರುಬೆರಳು ಸರಿಯಾಗಿ ಹೋಗಿ ಬಡಿಯಿತು. ನಾನು ಕಿರುಚಿದ್ದಕ್ಕೆ ಎಲ್ಲರೂ ಎದ್ದು ಬಂದರು. ಮಗ ಬಂದು ಲೈಟು ಹಾಕಿದ. ಬೆರಳು ಅಷ್ಟರಲ್ಲೇ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಮಾರನೇ ದಿನ ಎಕ್ಸ್‌ರೇ, ಪಟ್ಟಿ, ನೋವಿನ ಮಾತ್ರೆ, ಹೋಗಿ ಬರೋ ಆಟೋ. ನಮ್ಮನೆಯವರೇ ಪುಸ್ತಕ ತೆಗೆದು, ಬಲು ಖುಷಿಯಿಂದ, ದಪ್ಪ ಅಕ್ಷರದಲ್ಲಿ ಬರೆದರು: "ಇತರೆ: ಕಾಲ್ಬೆರಳು, ಒಂದು."

ಆ ರಾತ್ರಿ ಮಾತ್ರ ಯಾರೂ ಮಾತಾಡುತ್ತಿರಲಿಲ್ಲ. ನಾನು ನೆಲದ ಮೇಲೆ ಕೂತು ಬೆರಳು ಹಿಡಿದುಕೊಂಡಿದ್ದೆ, ಮಗಳು ಐಸು ತರಲು ಓಡಿದ್ದಳು, ನಮ್ಮನೆಯವರು ನನ್ನನ್ನು ಎಬ್ಬಿಸಲು ಬಗ್ಗಿ ಅವರ ಸೊಂಟವೇ ಹಿಡಿದುಕೊಂಡು ಹಾಗೇ ನಿಂತಿದ್ದರು. ಕೊನೆಯ ರೂಮಿನ ಬಾಗಿಲು ಕಿರ್ ಅಂತ ತೆರೆಯಿತು. ಅಪ್ಪ ಕನ್ನಡಕ ಹಾಕಿಕೊಂಡು, ಕಿವಿಯ ಮೆಷಿನ್ ಇಲ್ಲದೆ, ಕಣ್ಣು ಕಿರಿದು ಮಾಡಿ ನಮ್ಮನ್ನೆಲ್ಲಾ ಒಂದು ಸಲ ನೋಡಿದರು, ಆಮೇಲೆ ತಲೆಯೆತ್ತಿ ಮೇಲಿನ ಬಲ್ಬು ನೋಡಿದರು.

"ಯಾರದು ಇಷ್ಟು ಹೊತ್ತಲ್ಲಿ ದೊಡ್ಡ ಲೈಟು ಹಾಕಿದ್ದು?"